ಕನಿಗೂ ಬೆಟ್ಟದ ತಪ್ಪಲಿನ ವರ್ನೆ-ಲೆ-ಬ್ಯಾಂ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಸ್ಪೇನ್ ಗಡಿಗೆ ಹೊಂದಿಕೊಂಡ ಪಿರೆನೆ-ಓರಿಯಾಂತಾಲ್ ಜಿಲ್ಲೆಯ ಪುಟ್ಟ ಊರು ವರ್ನೆ-ಲೆ-ಬ್ಯಾಂ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, 2,784 ಮೀಟರ್ ಎತ್ತರದ ಕನಿಗೂ ಬೆಟ್ಟದ ಬುಡದಲ್ಲಿ ಇದು ಇದೆ. ಅಲ್ಲಿಗೆ ಹೊರಟವರು ಮತ್ತು ಹೋಗಿ ಬಂದವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಟ್ಟುಕೊಂಡು ಉತ್ತರ ಬರೆಯಲಾಗಿದೆ.

## ಹೊರಡುವ ಮುನ್ನ

ಪ್ಯಾರಿಸ್, ಆಲ್ಪ್ಸ್ ಎಲ್ಲ ಬಿಟ್ಟು ಈ ಹಳ್ಳಿಗೇ ಏಕೆ ಹೋಗಬೇಕು?

ಆಲ್ಪ್ಸ್‌ನಲ್ಲಿ ಇದಕ್ಕಿಂತ ಎತ್ತರದ ಶಿಖರಗಳಿವೆ, ಪ್ಯಾರಿಸ್ಸಿನಲ್ಲಿ ಇದಕ್ಕಿಂತ ದೊಡ್ಡ ಕಟ್ಟಡಗಳಿವೆ. ಬೆಟ್ಟವೂ ಚರಿತ್ರೆಯೂ ಇಷ್ಟು ಹತ್ತಿರ ಹತ್ತಿರ ಇರುವ ಜಾಗ ಮಾತ್ರ ಅಪರೂಪ. ಸಾವಿರ ವರ್ಷ ಹಳೆಯ ಎರಡು ಮಠಗಳು, ಹದಿನೇಳನೆಯ ಶತಮಾನದ ಕೋಟೆ, "ಹಳದಿ ರೈಲು" ಎಂದು ಕರೆಯುವ, ನೂರು ವರ್ಷ ದಾಟಿದ ಬೆಟ್ಟದ ರೈಲು, ಬಿಸಿನೀರಿನ ಬುಗ್ಗೆಗಳು, ಬಿಟ್ಟುಹೋದ ಕಬ್ಬಿಣದ ಗಣಿಗಳು ಎಲ್ಲವೂ ಒಂದೇ ಬೆಟ್ಟದ ಸುತ್ತ ಇವೆ. ಅವುಗಳ ಕಥೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಕೋಟೆ ಬಂದದ್ದು ಬೆಟ್ಟಸಾಲಿನ ಮೇಲೆ ಗಡಿ ಎಳೆದದ್ದರಿಂದ, ಗಣಿ ಬಂದದ್ದು ಬೆಟ್ಟದ ಅದಿರಿನಿಂದ, ಊರು ಹೆಸರು ಮಾಡಿದ್ದು ಬೆಟ್ಟದ ಬುಡದಿಂದ ಬರುವ ಗಂಧಕದ ನೀರಿನಿಂದ. ಬಾರ್ಸಿಲೋನಾದಿಂದ ಒಂದು ದಿನಕ್ಕೆ ಬಂದು ನಾಲ್ಕು ಫೋಟೊ ತೆಗೆದುಕೊಂಡು ಹೋಗುವವರಿಗೆ ಈ ಊರು ಹೇಳಿ ಮಾಡಿಸಿದ್ದಲ್ಲ.

ಬೆಂಗಳೂರಿನಿಂದ ತಲುಪುವುದು ಹೇಗೆ?

ಪ್ಯಾರಿಸ್ ಅಥವಾ ಬಾರ್ಸಿಲೋನಾ, ಎರಡರಲ್ಲಿ ಯಾವುದಕ್ಕೆ ವಿಮಾನ ಹಿಡಿದರೂ ಮುಂದಿನ ಗುರಿ ಪೆರ್ಪಿನ್ಯಾಂ ನಗರ. ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಐದು ಗಂಟೆ, ಬಾರ್ಸಿಲೋನಾದಿಂದ ಒಂದೂವರೆ ಗಂಟೆಗೂ ಕಡಿಮೆ. ಪೆರ್ಪಿನ್ಯಾಂನಿಂದ ತೆತ್ ನದಿಯ ಕಣಿವೆಯಲ್ಲಿ ಮೇಲೇರುವ ಪ್ರಾದೇಶಿಕ ರೈಲು ಒಂದು ಗಂಟೆಯೊಳಗೆ ವಿಲ್‌ಫ್ರಾಂಶ್ ನಿಲ್ದಾಣಕ್ಕೆ ತಂದು ಬಿಡುತ್ತದೆ. ನಿಲ್ದಾಣದ ಹೆಸರಿನಲ್ಲಿ ವರ್ನೆ-ಲೆ-ಬ್ಯಾಂ ಕೂಡ ಸೇರಿದೆ, ಆದರೆ ಊರು ಅಲ್ಲಿಂದ ಇನ್ನೂ ಐದಾರು ಕಿಲೋಮೀಟರ್ ದೂರ. ಅಷ್ಟು ದೂರಕ್ಕೆ ಪ್ರಾದೇಶಿಕ ಸರ್ಕಾರದ ಅಗ್ಗದ ಬಸ್ಸು ಇದೆ. ಭಾನುವಾರ ಬಸ್ಸುಗಳು ವಿರಳ, ಆದ್ದರಿಂದ ಭಾನುವಾರ ಸಂಜೆ ಬಂದಿಳಿಯುವಂತೆ ಯೋಜನೆ ಹಾಕಿಕೊಳ್ಳದಿರುವುದು ಕ್ಷೇಮ.

ಕಾರು ಬಾಡಿಗೆಗೆ ತೆಗೆದುಕೊಳ್ಳಲೇಬೇಕೇ?

ಬೇಕೇ ಬೇಕು ಎಂದೇನಿಲ್ಲ. ಹಳದಿ ರೈಲು, ವಿಲ್‌ಫ್ರಾಂಶ್, ಸ್ಯಾಂ ಮಾರ್ತ್ಯಾಂ ಮಠ, ಜಲಪಾತ ಎಲ್ಲವನ್ನೂ ಬಸ್ಸು, ರೈಲು ಮತ್ತು ಕಾಲ್ನಡಿಗೆಯಲ್ಲೇ ಮುಗಿಸಬಹುದು. ಸೆರ್ರಬೋನ್ ಮಠ, ವಾಲ್ಮಾನ್ಯಾ, ಮಾಂತೆಯಂಥ ದೂರದ ಹಳ್ಳಿಗಳನ್ನು ನೋಡಬೇಕೆಂದಿದ್ದರೆ ಕಾರು ಇಲ್ಲದೆ ಆಗುವುದಿಲ್ಲ. ಭಾರತದ ಪರವಾನಗಿಯೊಂದಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಳ್ಳಿ. ಬಾಡಿಗೆಗೆ ಸಿಗುವ ಕಾರುಗಳಲ್ಲಿ ಹೆಚ್ಚಿನವು ಕೈಯಿಂದ ಗೇರ್ ಬದಲಿಸುವಂಥವು. ರಸ್ತೆಯ ಬಲಬದಿಯಲ್ಲಿ ಓಡಿಸುತ್ತ, ಬಲಗೈಯಲ್ಲಿ ಗೇರ್ ಹಾಕುತ್ತ, ಎದುರಿಗೆ ಬಸ್ಸು ಬಂದರೆ ಹಿಂದೆ ಸರಿಯಬೇಕಾದ ತಿರುವುಗಳಲ್ಲಿ ಮೊದಲ ದಿನ ಸ್ವಲ್ಪ ಬೆವರುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಿಸಿ ಪಳಗಿದ ಕೈಗೆ ಇದು ಹೊಸದಲ್ಲ.

ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾವ ತಿಂಗಳು ಒಳ್ಳೆಯದು?

ಐದು ದಿನ ಇದ್ದರೆ ಅವಸರವಿಲ್ಲದೆ ನೋಡಬಹುದು. ಒಂದು ದಿನ ಸ್ಯಾಂ ಮಾರ್ತ್ಯಾಂಗೆ, ಒಂದು ದಿನ ವಿಲ್‌ಫ್ರಾಂಶ್ ಕೋಟೆ ಮತ್ತು ಗುಹೆಗೆ, ಒಂದು ದಿನ ಹಳದಿ ರೈಲಿಗೆ, ಒಂದು ದಿನ ಪ್ರಾದ್ ಪಟ್ಟಣ ಮತ್ತು ಕುಶಾ ಮಠಕ್ಕೆ, ಇನ್ನೊಂದು ದಿನ ಶಿಖರಕ್ಕೆ. ಶಿಖರದ ದಿನವನ್ನು ಮೊದಲೇ ನಿಗದಿ ಮಾಡಿಕೊಳ್ಳದೆ, ಹವಾಮಾನ ಮುನ್ಸೂಚನೆ ನೋಡಿಕೊಂಡು ಹಿಂದೆ ಮುಂದೆ ಮಾಡಿಕೊಳ್ಳುವುದು ಜಾಣತನ.

ತಿಂಗಳು ಯಾವುದೆಂಬುದು ನಿಮ್ಮ ಉದ್ದೇಶವನ್ನು ಅವಲಂಬಿಸಿದೆ. ಕಣಿವೆಯಲ್ಲಿ ಪೀಚ್ ಮರಗಳು ಹೂಬಿಡುವುದು ಮಾರ್ಚ್‌ನಲ್ಲಿ, ಹಿನ್ನೆಲೆಯಲ್ಲಿ ಕನಿಗೂ ಇನ್ನೂ ಬೆಳ್ಳಗಿರುತ್ತದೆ. ಶಿಖರ ಹತ್ತುವವರಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಆಗಸ್ಟ್‌ನಲ್ಲಿ ಇಡೀ ಫ್ರಾನ್ಸ್ ರಜೆಯಲ್ಲಿರುವುದರಿಂದ ಜನಜಂಗುಳಿ. ನಮ್ಮನ್ನು ಕೇಳಿದರೆ ಸೆಪ್ಟೆಂಬರ್‌ನ ಮೊದಲ ಮೂರು ವಾರಗಳಿಗೆ ಸಮ ಬೇರೊಂದಿಲ್ಲ.

ಷೆಂಗೆನ್ ವೀಸಾ ಇದ್ದರೆ ಅಲ್ಲಿಂದ ಸ್ಪೇನ್, ಅಂಡೋರಾ ಎರಡಕ್ಕೂ ಹೋಗಿ ಬರಬಹುದೇ?

ಸ್ಪೇನಿಗೆ ಧಾರಾಳವಾಗಿ ಹೋಗಬಹುದು. ಹಳದಿ ರೈಲಿನ ಮೇಲುತುದಿಯ ಬಳಿ ಲ್ಯೀವಿಯಾ ಎಂಬ ಪಟ್ಟಣವಿದ್ದು, ಅದು ಸುತ್ತಲೂ ಫ್ರಾನ್ಸ್ ಇರುವ ಸ್ಪೇನಿನ ತುಂಡು, ಅಲ್ಲಿಗೂ ಅಡ್ಡಿಯಿಲ್ಲ. ಅಂಡೋರಾ ಮಾತ್ರ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ಕೂಟದ ಒಳಗಿಲ್ಲ. ಅಲ್ಲಿಗೆ ಹೋದರೆ ಷೆಂಗೆನ್ ಬಿಟ್ಟು ಹೊರಹೋದಂತೆ ಲೆಕ್ಕ, ಮರಳಲು ಮತ್ತೊಂದು ಪ್ರವೇಶ ಬೇಕು. ಒಂದೇ ಸಲದ ಪ್ರವೇಶಕ್ಕೆ ವೀಸಾ ಪಡೆದವರು ಆ ಕಡೆ ತಲೆಹಾಕಬಾರದು. ಹೋಗುವ ಆಸೆಯಿದ್ದರೆ ಬೆಂಗಳೂರಿನಲ್ಲಿ ಅರ್ಜಿ ಹಾಕುವಾಗಲೇ ಹಲವು ಪ್ರವೇಶಗಳ ವೀಸಾ ಕೇಳಿ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಕಷ್ಟವಿದೆ, ಆದರೆ ಉಪವಾಸವಿಲ್ಲ. ಇದು ಫ್ರಾನ್ಸ್-ಸ್ಪೇನ್ ಗಡಿಯ ಎರಡೂ ಕಡೆ ನೆಲೆಸಿದ ಕತಲಾನ್ ಜನರ ಸೀಮೆ. ಮಾಂಸದ ಉಂಡೆ, ಹಂದಿಮಾಂಸದ ಸಾಸೇಜು ಇಲ್ಲಿನ ದಿನನಿತ್ಯದ ಅಡುಗೆ. ಎಲೆಕೋಸು ಮತ್ತು ಆಲೂಗಡ್ಡೆಯನ್ನು ಮಸೆದು ಹುರಿದ ತ್ರಿಂಚಾತ್ ಎಂಬ ತಿನಿಸು ನೋಡುವುದಕ್ಕೆ ನಮ್ಮದೇ ಪಲ್ಯದ ಹಾಗಿರುತ್ತದೆ, ಆದರೆ ಅದರೊಳಗೆ ಹಂದಿಮಾಂಸದ ಚೂರುಗಳಿರುತ್ತವೆ. ಸಲಾಡ್‌ನಲ್ಲೂ ಅದೇ ಕಥೆ. ಆದ್ದರಿಂದ "ಸಸ್ಯಾಹಾರಿ" ಎಂದಷ್ಟೇ ಹೇಳದೆ "ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ" ಎಂದು, ಅಂದರೆ ಮಾಂಸ, ಮೀನು, ಹಂದಿಯ ಚೂರು ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು.

ಕೆಂಡದಲ್ಲಿ ಸುಟ್ಟ ಬದನೆ ಮತ್ತು ದಪ್ಪಮೆಣಸಿನಕಾಯಿಗೆ ಆಲಿವ್ ಎಣ್ಣೆ ಸುರಿದು ಕೊಡುವ ಎಸ್ಕಲಿವಾದಾ ಮತ್ತು ಬೆಳ್ಳುಳ್ಳಿ, ಟೊಮೆಟೊ ಉಜ್ಜಿದ ಸುಟ್ಟ ರೊಟ್ಟಿ ನಿಶ್ಚಿಂತೆಯಿಂದ ತಿನ್ನಬಹುದಾದವು. ಪ್ರಾದ್ ಪಟ್ಟಣದಲ್ಲಿ ಮಂಗಳವಾರ ಸಂತೆ ಸೇರುತ್ತದೆ. ಬೇಸಿಗೆಯಲ್ಲಿ ಈ ಕಣಿವೆಯ ಪೀಚ್ ಮತ್ತು ಏಪ್ರಿಕಾಟ್‌ಗಳನ್ನು ಅಲ್ಲಿಂದಲೇ ಕೊಳ್ಳಬೇಕು. ಅಡುಗೆಮನೆಯಿರುವ ಮನೆಯನ್ನು ಬಾಡಿಗೆಗೆ ಹಿಡಿದು, ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಂಡು ಹೋಗುವುದೇ ಉತ್ತಮ. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ, ಆಮೇಲೆ ರಾತ್ರಿ ಏಳರ ತನಕ ಒಲೆ ಹೊತ್ತುವುದಿಲ್ಲ.

## ಚರಿತ್ರೆಯ ತಾಣಗಳು

ಸ್ಯಾಂ ಮಾರ್ತ್ಯಾಂ ಮಠಕ್ಕೆ ಕಾರು ಹೋಗುವುದಿಲ್ಲವಂತೆ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಪ್ರವಾಸಿಗರ ವಾಹನಗಳಿಗೆ ಮೇಲೆ ಹೋಗಲು ಅವಕಾಶವಿಲ್ಲ. ವರ್ನೆಯಿಂದ ಎರಡೂವರೆ ಕಿಲೋಮೀಟರ್ ಮೇಲಿರುವ ಕಾಸ್ತೆಯ್ ಎಂಬ ಹಳ್ಳಿಯಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಸುತ್ತಿ ಸುತ್ತಿ ಏರುವ ಕಾಂಕ್ರೀಟ್ ಹಾಸಿದ ದಾರಿಯಲ್ಲಿ ನಡೆಯಬೇಕು. ಮಠ ಇರುವುದು 1,055 ಮೀಟರ್ ಎತ್ತರದಲ್ಲಿ. ಆರೋಗ್ಯವಂತರಿಗೆ ಮುಕ್ಕಾಲು ಗಂಟೆ, ನಿಂತು ನಿಂತು ಹೋಗುವವರಿಗೆ ಒಂದು ಗಂಟೆ. ದಾರಿ ಸುಗಮವೇ, ಆದರೆ ಏರು ಬಲು ಕಡಿದು. ಇಳಿಯುವಾಗ ಮಂಡಿಗೆ ಪೆಟ್ಟು. ಮಂಡಿನೋವು, ಉಬ್ಬಸ ಇರುವ ಹಿರಿಯರಿಗೆ ಇದನ್ನು ಒತ್ತಾಯಿಸಬೇಡಿ. ಅವರಿಗೆ ಕುಶಾ ಮಠವಿದೆ, ಅದರ ಬಾಗಿಲ ತನಕ ಕಾರು ಹೋಗುತ್ತದೆ.

ಅಷ್ಟು ಕಷ್ಟಪಟ್ಟು ಹತ್ತಿದರೆ ಮಠದಲ್ಲಿ ನೋಡುವುದೇನಿದೆ?

ಈ ಪುಟದಲ್ಲಿ ಹೆಸರಿಸಿದ ಜಾಗಗಳಲ್ಲಿ ಒಂದನ್ನೇ ಆರಿಸಿ ಎಂದರೆ ಇದನ್ನೇ ಆರಿಸಬೇಕು. ಸೆರ್ದಾನ್ಯಾ ಸೀಮೆಯ ದೊರೆ ಕೌಂಟ್ ಗಿಫ್ರೆ ಹನ್ನೊಂದನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿಸಿದ ಈ ಮಠದ ಚರ್ಚು 1009ರಲ್ಲಿ ಪ್ರತಿಷ್ಠೆಗೊಂಡಿತು. ಅವನ ತಮ್ಮ ಒಲಿಬಾ ಪಕ್ಕದ ಕುಶಾ ಮಠದ ಮುಖ್ಯಸ್ಥ. ಆ ಕಾಲದ ಕತಲಾನ್ ನಾಡಿನ ದೊಡ್ಡ ಧರ್ಮಗುರು.

ಚರ್ಚುಗಳು ಒಂದರ ಮೇಲೊಂದು ಎರಡಿವೆ. ಕೆಳಗಿನದು ಅರ್ಧ ನೆಲದೊಳಗೆ ಹುದುಗಿದ, ತಗ್ಗು ಚಾವಣಿಯ ಮರಿಯಮ್ಮನ ಚರ್ಚು. ಮೇಲಿನದರಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸಣ್ಣ ಕಂಬಗಳು ಮೂರು ಸಾಲು ಕಲ್ಲಿನ ಕಮಾನು ಚಾವಣಿಯನ್ನು ಹೊತ್ತು ನಿಂತಿವೆ. ಮರದ ಮಾಡನ್ನು ಬಿಟ್ಟು ಇಡೀ ಚರ್ಚಿಗೆ ಕಲ್ಲಿನ ಚಾವಣಿ ಹೊದಿಸಿದ ಯುರೋಪಿನ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ಕಟ್ಟಿದವರಿಗೆ ತಮ್ಮ ಲೆಕ್ಕದ ಮೇಲೆ ಪೂರ್ತಿ ಭರವಸೆ ಇರಲಿಲ್ಲವೇನೋ ಎಂಬಂತೆ ಗೋಡೆಗಳು ದಪ್ಪ, ಕಿಟಕಿಗಳು ಕಿರಿದು. ಬೆಳಕು ಎಷ್ಟು ಕಡಿಮೆಯೆಂದರೆ ಬಾಗಿಲಲ್ಲಿ ಒಂದು ನಿಮಿಷ ನಿಂತ ಮೇಲಷ್ಟೇ ಕಂಬಗಳ ತಲೆಯ ಮೇಲಿನ ಕೆತ್ತನೆ ಕಾಣತೊಡಗುತ್ತದೆ.

ಗಿಫ್ರೆ ತನ್ನ ಮುಪ್ಪಿನಲ್ಲಿ ಅಧಿಕಾರ ಬಿಟ್ಟು ಇಲ್ಲೇ ಸನ್ಯಾಸಿಯಾಗಿ 1049ರಲ್ಲಿ ತೀರಿಕೊಂಡ. ಚರ್ಚಿನ ಹೊರಗೆ ಬಂಡೆಯಲ್ಲಿ ಮನುಷ್ಯನ ಆಕಾರಕ್ಕೇ ಕೊರೆದ ಗೋರಿಯಿದೆ, ಅದನ್ನು ಅವನೇ ತನ್ನ ಕೈಯಾರೆ ಕೊರೆದುಕೊಂಡನೆಂದು ಪ್ರತೀತಿ. ಅವನ ಸಾವಿನ ಸುದ್ದಿಯನ್ನು ಚರ್ಮದ ಸುರುಳಿಯಲ್ಲಿ ಬರೆದು ಒಬ್ಬ ಸನ್ಯಾಸಿಯ ಕೈಗೆ ಕೊಡಲಾಯಿತು; ಅವನು ಯುರೋಪಿನ ಮಠದಿಂದ ಮಠಕ್ಕೆ ನಡೆದು, ಪ್ರತಿ ಕಡೆಯೂ ಪ್ರಾರ್ಥನೆ ಮಾಡಿಸಿ, ಅಲ್ಲಿನವರ ಕೈಯಲ್ಲಿ ಸಂತಾಪದ ಸಾಲು ಬರೆಸಿಕೊಂಡು ಬಂದ.

1428ರ ಭೂಕಂಪ ಗಂಟೆಗೋಪುರದ ಮೇಲ್ಭಾಗವನ್ನು ಕೆಡವಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸನ್ಯಾಸಿಗಳು ಬಿಟ್ಟುಹೋದ ಮೇಲೆ ಊರವರು ಕಲ್ಲು, ಕಂಬಗಳನ್ನು ಹೊತ್ತೊಯ್ದರು. 1902ರಲ್ಲಿ ಪೆರ್ಪಿನ್ಯಾಂನ ಬಿಷಪ್ ಕಾರ್ಸಲಾದ್ ದ್ಯು ಪೋಂ ಪಾಳುಬಿದ್ದ ಮಠವನ್ನು ಕೊಂಡು ಜೀರ್ಣೋದ್ಧಾರಕ್ಕೆ ಕೈಹಾಕಿದರು. ಹಾಗಾಗಿ ಇವತ್ತು ಕಾಣುವ ಅಂಗಳದ ಸುತ್ತಿನ ಕಮಾನುಗಳು ಬಹುಪಾಲು ಇಪ್ಪತ್ತನೆಯ ಶತಮಾನದವು, ಅವುಗಳಲ್ಲಿ ಕೂರಿಸಿದ ಅಮೃತಶಿಲೆಯ ಕಂಬದ ತಲೆಗಳು ಹಳೆಯವು. ನಿಗದಿತ ಹೊತ್ತಿನಲ್ಲಿ, ಮಾರ್ಗದರ್ಶಕರ ಜೊತೆಗಷ್ಟೇ ಒಳಗೆ ಬಿಡುತ್ತಾರೆ. ಸಮಯ ನೋಡಿಕೊಳ್ಳದೆ ಹತ್ತಿದರೆ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಭೇಟಿ ಮುಗಿದ ಮೇಲೆ ಮಠದ ಹಿಂದಿನ ಕಾಡುದಾರಿಯಲ್ಲಿ ಇನ್ನಷ್ಟು ಮೇಲೇರಿ ಬಂಡೆಯ ಅಂಚಿಗೆ ಹೋಗಿ. ಪ್ರಪಾತದ ನೆತ್ತಿಯ ಮೇಲೆ ಕೂತ ಮಠ ಇಡಿಯಾಗಿ ಕಾಣುವುದು ಅಲ್ಲಿಂದ ಮಾತ್ರ.

ವಿಲ್‌ಫ್ರಾಂಶ್ ಕೋಟೆಗೆ ಯುನೆಸ್ಕೊ ಮಾನ್ಯತೆ ಸಿಕ್ಕಿದ್ದು ಏತಕ್ಕೆ?

ಹದಿನಾಲ್ಕನೆಯ ಲೂಯಿಯ ಸೇನಾ ಎಂಜಿನಿಯರ್ ವೋಬಾಂ ಫ್ರಾನ್ಸಿನ ಗಡಿಯುದ್ದಕ್ಕೂ ಕಟ್ಟಿದ ಕೋಟೆಗಳಲ್ಲಿ ಹನ್ನೆರಡು ತಾಣಗಳನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ವಿಲ್‌ಫ್ರಾಂಶ್ ಒಂದು, ಹಳದಿ ರೈಲಿನ ದಾರಿಯಲ್ಲಿ ಸಿಗುವ ಮೋಂ-ಲೂಯಿ ಇನ್ನೊಂದು. 1659ರ ಪಿರೆನೀಸ್ ಒಪ್ಪಂದದಲ್ಲಿ ಸ್ಪೇನ್ ಈ ಸೀಮೆಯನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತು. ಹೊಸ ಗಡಿಯನ್ನು ಕಾಯುವುದಕ್ಕೂ, ಹೊಸ ದೊರೆಯನ್ನು ಒಪ್ಪದ ಸ್ಥಳೀಯರ ಮೇಲೆ ಕಣ್ಣಿಡುವುದಕ್ಕೂ ಕೋಟೆಗಳು ಬೇಕಾದವು.

ಊರು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿದೆ. ಮೇಲಿನಿಂದ ಫಿರಂಗಿ ಹಾರಿಸಿದರೆ ಊರಿಗೆ ಉಳಿಗಾಲವಿಲ್ಲವೆಂದು ಕಂಡ ವೋಬಾಂ, ಗೋಡೆಯ ಮೇಲೆ ನಡೆದಾಡುವ ದಾರಿಗೆ ಕಲ್ಲಿನ ಮಾಡು ಹೊದಿಸಿ, ಎದುರಿನ ಗುಡ್ಡದ ಮೇಲೆ ಲಿಬೇರಿಯಾ ಕೋಟೆಯನ್ನು ಕಟ್ಟಿಸಿದ. ಊರಿನಿಂದ ಆ ಕೋಟೆಗೆ ಗುಡ್ಡದೊಳಗೇ ಕೊರೆದ 734 ಮೆಟ್ಟಿಲುಗಳ ಸುರಂಗವಿದೆ; ಅದು ವೋಬಾಂ ಕಾಲದ್ದಲ್ಲ, ಹತ್ತೊಂಬತ್ತನೆಯ ಶತಮಾನದ ನಡುವಿನದು. ಮೇಲಕ್ಕೆ ವಾಹನದಲ್ಲಿ ಹೋಗಿ ಸುರಂಗದಲ್ಲಿ ಇಳಿದು ಬರುವುದು ಬುದ್ಧಿವಂತರ ದಾರಿ. ದೊರೆಯ ಆಸ್ಥಾನವನ್ನೇ ನಡುಗಿಸಿದ ವಿಷಪ್ರಾಶನ ಪ್ರಕರಣದಲ್ಲಿ ಸಿಕ್ಕಿಬಿದ್ದ ಹೆಂಗಸರನ್ನು ಈ ಕೋಟೆಯಲ್ಲಿ ಸಾಯುವ ತನಕ ಕೂಡಿಹಾಕಿದ್ದರು, ಆ ಕೋಣೆಯನ್ನು ಇಂದಿಗೂ ತೋರಿಸುತ್ತಾರೆ. ಸುಣ್ಣದಕಲ್ಲಿನ ಗುಹೆಗಳಿಗೆ ಊರಿನ ಹೊರಗಿರುವ ಕಾನಲೆತ್ ಗುಹೆಯನ್ನು ನೋಡಿದರೆ ಸಾಕು.

ಹಳದಿ ರೈಲಿನಲ್ಲಿ ಹೋಗಿ ಬರಲು ಇಡೀ ದಿನ ಬೇಕೇ? ಅಷ್ಟಕ್ಕೆ ತಕ್ಕದ್ದೇ?

ಪೂರ್ತಿ ದಾರಿಗೆ ಇಡೀ ದಿನ ಬೇಕು. ವಿಲ್‌ಫ್ರಾಂಶ್‌ನಿಂದ ಲಾತೂರ್-ದ-ಕಾರೋಲ್‌ವರೆಗೆ ಸುಮಾರು 63 ಕಿಲೋಮೀಟರ್; ಮೀಟರ್ ಗೇಜ್ ಹಳಿಯ ಮೇಲೆ ಸುಮಾರು ಮೂರು ಗಂಟೆ. ಹಳಿಯ ಪಕ್ಕದ ಮೂರನೆಯ ಕಂಬಿಯಿಂದ 850 ವೋಲ್ಟ್ ವಿದ್ಯುತ್ ಪಡೆದು ಓಡುವ ಈ ರೈಲಿಗಾಗಿಯೇ ತೆತ್ ನದಿಯ ಮೂಲದ ಹತ್ತಿರ ಬುಯೂಸ್ ಅಣೆಕಟ್ಟು ಕಟ್ಟಿದರು. 1910ರಲ್ಲಿ ಮೋಂ-ಲೂಯಿವರೆಗೆ ಸಂಚಾರ ಆರಂಭವಾಗಿ, 1927ರಲ್ಲಿ ಲಾತೂರ್ ತಲುಪಿತು. 1,593 ಮೀಟರ್ ಎತ್ತರದ ಬೋಲ್ಕೇರ್-ಎಯ್ನ್ ಫ್ರಾನ್ಸಿನ ರಾಷ್ಟ್ರೀಯ ರೈಲು ಜಾಲದ ಅತಿ ಎತ್ತರದ ನಿಲ್ದಾಣ.

ದಾರಿಯಲ್ಲಿ ಎರಡು ಸೇತುವೆಗಳಿಗೆ ಕಾಯಬೇಕು. ಮೊದಲನೆಯದು ಕಲ್ಲಿನ ಸೆಜೂರ್ನೆ ಸೇತುವೆ, ಕಣಿವೆಯಿಂದ 65 ಮೀಟರ್ ಎತ್ತರ. ಎರಡನೆಯದು ಗಿಸ್ಕ್ಲಾರ್ ತೂಗುಸೇತುವೆ. ಅದನ್ನು ರೂಪಿಸಿದ ಸೇನಾ ಎಂಜಿನಿಯರ್ ಆಲ್ಬೇರ್ ಗಿಸ್ಕ್ಲಾರ್, 1909ರ ಅಕ್ಟೋಬರ್ 31ರಂದು ಪ್ರಾಯೋಗಿಕ ಓಡಾಟದ ರೈಲು ಹಿಡಿತ ತಪ್ಪಿ ಉರುಳಿದಾಗ, ಸೇತುವೆಯ ಮೇಲೆ ಪ್ರಯಾಣಿಕರು ಸಾಗುವುದನ್ನು ನೋಡುವ ಮೊದಲೇ ಮಡಿದರು.

ಬೇಸಿಗೆಯಲ್ಲಿ ಚಾವಣಿಯಿಲ್ಲದ ತೆರೆದ ಡಬ್ಬಿ ಜೋಡಿಸುತ್ತಾರೆ, ಅದರಲ್ಲಿ ಜಾಗ ಬೇಕಾದರೆ ಬೇಗ ಹೋಗಬೇಕು. ಕೆಲವು ಸಣ್ಣ ನಿಲ್ದಾಣಗಳಲ್ಲಿ ಕೇಳಿಕೊಂಡರೆ ಮಾತ್ರ ನಿಲ್ಲಿಸುತ್ತಾರೆ. ಹಳಿಯ ದುರಸ್ತಿಗೆಂದು ಕೆಲವು ಭಾಗಗಳಲ್ಲಿ ಸಂಚಾರ ನಿಲ್ಲುವುದುಂಟು, ಹಿಂದಿನ ದಿನ ವಿಚಾರಿಸಿಕೊಳ್ಳಿ. ಪೂರ್ತಿ ದಾರಿ ಬೇಡವೆಂದವರು ಫೋಂ-ರೊಮ್ಯೂ–ಓದೆಯೋ ನಿಲ್ದಾಣದಲ್ಲಿ ಇಳಿದು, ಸಾವಿರಾರು ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೂಡಿಸುವ ಓದೆಯೋದ ಸೌರಕುಲುಮೆಯನ್ನು ನೋಡಿ ಮರಳಬಹುದು.

ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡಬಹುದೇ?

ವರ್ನೆಯಲ್ಲಿರುವುದು ಸಂಧಿವಾತ, ಉಸಿರಾಟದ ತೊಂದರೆಗಳಿಗೆ ವೈದ್ಯರ ಚೀಟಿಯ ಮೇಲೆ ಬರುವವರಿಗಾಗಿ ನಡೆಯುವ ಚಿಕಿತ್ಸಾಲಯ. ಸುಮ್ಮನೆ ನೀರಲ್ಲಿ ಕೂರುವ ಆಸೆಯವರು ಹಳದಿ ರೈಲಿನ ಕಣಿವೆಯಲ್ಲಿರುವ ಸ್ಯಾಂ ತೋಮಾದ ಬಯಲು ಕೊಳಗಳಿಗೆ ಹೋಗಬೇಕು. ನೆಲದಿಂದ 58 ಡಿಗ್ರಿಯಲ್ಲಿ ಏಳುವ ಗಂಧಕದ ನೀರನ್ನು ಮೈಗೆ ಹಿತವಾಗುವಷ್ಟು ತಣಿಸಿ ಬಿಡುತ್ತಾರೆ. ಈಜುಡುಗೆ ಕಡ್ಡಾಯ. ಬೆಳ್ಳಿಯ ಒಡವೆ ಕಪ್ಪಾಗುತ್ತದೆ, ಮೊದಲೇ ಕಳಚಿಡಿ.

## ನಡಿಗೆ ಮತ್ತು ಬೆಟ್ಟ

ಮುಳ್ಳಯ್ಯನಗಿರಿ, ಕುಮಾರ ಪರ್ವತ ಎಲ್ಲ ಹತ್ತಿದ್ದೇವೆ. ಕನಿಗೂ ಹತ್ತಬಹುದೇ?

ಕುಕ್ಕೆಯಿಂದ ಕುಮಾರ ಪರ್ವತವನ್ನು ಹತ್ತಿ ಇಳಿದವರಿಗೆ ಶಕ್ತಿಯ ದೃಷ್ಟಿಯಿಂದ ಕನಿಗೂ ಹೆಚ್ಚಿನದಲ್ಲ. ವ್ಯತ್ಯಾಸ ಇರುವುದು ಚಳಿಯಲ್ಲಿ, ಗಾಳಿಯಲ್ಲಿ, ಕಾಲಡಿಯ ಸಡಿಲ ಕಲ್ಲಿನಲ್ಲಿ. ಶಿಖರಕ್ಕೆ ಮುಖ್ಯವಾಗಿ ಎರಡು ದಾರಿಗಳು.

ಸುಲಭದ್ದು 2,150 ಮೀಟರ್ ಎತ್ತರದಲ್ಲಿರುವ, ಚಾರಣಿಗರು ತಂಗುವ ಕೋರ್ತಾಲೆ ವಸತಿಯ ಮೂಲಕ. ಬೇಸಿಗೆಯಲ್ಲಿ ತಪ್ಪಲಿನ ಊರುಗಳಿಂದ ಬಾಡಿಗೆ ಜೀಪುಗಳು ಅಲ್ಲಿಯವರೆಗೆ ಕರೆದೊಯ್ಯುತ್ತವೆ. ಅಲ್ಲಿಂದ ಉಳಿಯುವುದು 630 ಮೀಟರ್ ಏರು, ಸುಮಾರು ಎರಡು ಗಂಟೆ. ಗುರುತುಗಳು ಸ್ಪಷ್ಟ, ಎಲ್ಲೂ ಕೈಯೂರುವ ಅಗತ್ಯವಿಲ್ಲ. ಇನ್ನೊಂದು ಕಾಸ್ತೆಯ್ ಮೇಲಿನ ಕೋಲ್ ದ ಜೂ ಕಣಿವೆಬಾಯಿಯಿಂದ 1,718 ಮೀಟರ್‌ನ ಮಾರಿಯಾಯ್ ವಸತಿಯನ್ನು ಹಾದು ಹೋಗುವ ದಾರಿ. ಇದರ ಕೊನೆಯಲ್ಲಿ "ಚಿಮಣಿ" ಎಂದು ಕರೆಯುವ ಬಂಡೆಯ ಸಂದಿಯಿದೆ. ಹಗ್ಗ ಬೇಡ, ಆದರೆ ಎರಡೂ ಕೈಗಳಿಂದ ಹಿಡಿದು ಹತ್ತಬೇಕು, ಮೇಲೆ ಹತ್ತುವವರ ಕಾಲಿಂದ ಕಲ್ಲು ಉದುರುತ್ತದೆ. ತಲೆ ತಿರುಗುವವರು ಈ ಕಡೆಯಿಂದ ಬರಬಾರದು. ಬಂದರೂ ಚಿಮಣಿಯನ್ನು ಹತ್ತಬಹುದೇ ಹೊರತು ಇಳಿಯಬಾರದು. ಮೇ ತಿಂಗಳವರೆಗೆ, ಕೆಲವು ವರ್ಷ ಜೂನ್ ನಡುವಿನವರೆಗೂ ಆ ಸಂದಿಯಲ್ಲಿ ಹಿಮ ಉಳಿದಿರುತ್ತದೆ.

ನಮ್ಮ ಸಲಹೆ ಇಷ್ಟು: ಕೋರ್ತಾಲೆಯಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಜಾವ ಹೊರಟು, ಬೆಳಕು ಹರಿಯುವಾಗ ಶಿಖರದ ಕಬ್ಬಿಣದ ಶಿಲುಬೆಯ ಬಳಿ ಇರುವುದು. ಪೂರ್ವಕ್ಕೆ ಮೆಡಿಟರೇನಿಯನ್ ಸಮುದ್ರ ಕಾಣುತ್ತದೆ. ವಸತಿಯಲ್ಲಿ ಹಾಸಿಗೆಯನ್ನು ಮುಂಚಿತವಾಗಿ ಕಾದಿರಿಸಬೇಕು, ಮಲಗುವ ಚೀಲದ ಒಳಹೊದಿಕೆ ನಿಮ್ಮದೇ ಇರಬೇಕು.

ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ಸಾಕಲ್ಲವೇ?

ಸಾಲದು. ಬೇಸಿಗೆಯಲ್ಲಿ ಬೆಳಿಗ್ಗೆ ಒಂದು ಮೋಡವೂ ಇಲ್ಲದ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಗುಡುಗು ಸಿಡಿಲು ಶುರುವಾಗುವುದು ಇಲ್ಲಿ ಮಾಮೂಲು. ಸಮುದ್ರದ ಹಸಿಗಾಳಿ ಬಂದು ಮೊದಲು ತಾಗುವುದು ಈ ಬೆಟ್ಟಕ್ಕೇ. ಮಧ್ಯಾಹ್ನಕ್ಕೆ ಮುಂಚೆ ಶಿಖರ ಬಿಟ್ಟಿರಬೇಕು. ಇನ್ನೊಂದು ಅಪಾಯ ವಾಯವ್ಯದಿಂದ ಬೀಸುವ ತ್ರಾಮೊಂತಾನ್ ಗಾಳಿ. ಕಣಿವೆಯಲ್ಲಿ ಅದು ಮರಗಳನ್ನಷ್ಟೇ ಅಲ್ಲಾಡಿಸಿದರೆ, ಮೇಲಿನ ಏಣಿನಲ್ಲಿ ನಿಂತವರನ್ನು ಕೆಡವಬಲ್ಲದು. ಫ್ರಾನ್ಸಿನ ಹವಾಮಾನ ಇಲಾಖೆಯಾದ ಮೆತೆಯೊ-ಫ್ರಾನ್ಸ್‌ನ ಸೂಚನೆಯಲ್ಲಿ ಗಾಳಿಯ ವೇಗವನ್ನೂ ನೋಡಿ. ಅವಘಡವಾದರೆ 112ಕ್ಕೆ ಕರೆ ಮಾಡಬೇಕು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದು, ಆದ್ದರಿಂದ ಕಾಗದದ ನಕ್ಷೆಯೂ ಜೊತೆಯಲ್ಲಿರಲಿ.

ಚಿಕ್ಕ ಮಕ್ಕಳೊಂದಿಗೆ ಹೋಗುವಂಥ ಜಾಗ ಯಾವುದು?

ವರ್ನೆಯ ಮೇಲಿನ ಸ್ಯಾಂ ವ್ಯಾಂಸಾಂ ಹಳ್ಳದ ದಾರಿಯಲ್ಲಿ ಒಂದು ಗಂಟೆಯೊಳಗೆ "ಇಂಗ್ಲಿಷರ ಜಲಪಾತ" ಸಿಗುತ್ತದೆ. ದಾರಿಯುದ್ದಕ್ಕೂ ನೆರಳಿದೆ, ನಡುನಡುವೆ ಮರದ ಕಿರುಸೇತುವೆಗಳಿವೆ. ನೀರು ಬೇಸಿಗೆಯಲ್ಲೂ ಮಂಜುಗಡ್ಡೆಯಷ್ಟು ತಣ್ಣಗೆ. ಊರಿನ ಬೀದಿಗಳಲ್ಲೇ ನಾನಾ ದೇಶಗಳ ಮರಗಳನ್ನು ಬೆಳೆಸಿ ಹೆಸರು ಬರೆದಿಟ್ಟಿರುವುದರಿಂದ ಮಳೆಯ ದಿನವೂ ಮಕ್ಕಳಿಗೆ ಹೊತ್ತು ಹೋಗುತ್ತದೆ.

ವಿಯಾ ಫೆರಾಟಾ, ಕ್ಯಾನ್ಯನಿಂಗ್ ಮುಂತಾದವು ಮೊದಲ ಸಲದವರಿಗೆ ಸಾಧ್ಯವೇ?

ಸಾಧ್ಯ, ಆದರೆ ಪರವಾನಗಿ ಪಡೆದ ಮಾರ್ಗದರ್ಶಕರ ಜೊತೆಗೆ ಮಾತ್ರ. ಬಂಡೆಗೆ ಉಕ್ಕಿನ ತಂತಿ, ಮೆಟ್ಟಿಲು ಜಡಿದ ವಿಯಾ ಫೆರಾಟಾ ವರ್ನೆಯಲ್ಲೇ ಇದೆ. ನೀರಿನ ಕಣಿವೆಯಲ್ಲಿ ಜಾರಿ, ಜಿಗಿದು ಇಳಿಯುವುದಕ್ಕೆ ಕನಿಗೂವಿನ ಈಶಾನ್ಯ ಮಗ್ಗುಲಿನ ಯೆಕ್ ಕಣಿವೆ ಹೆಸರುವಾಸಿ. ಈಜು ಬಾರದವರು ಆ ಮಾತನ್ನು ಮೊದಲೇ ಹೇಳಬೇಕು. ಸಂಕೋಚಪಟ್ಟು ಸುಮ್ಮನಿದ್ದರೆ ಮೊದಲ ಗುಂಡಿಯಲ್ಲೇ ಫಜೀತಿ.

ದಾರಿಯಲ್ಲಿ ಕಾಡುಪ್ರಾಣಿಗಳ ಭಯ ಇದೆಯೇ?

ಕಾಡುಪ್ರಾಣಿಗಿಂತ ಕಾವಲುನಾಯಿಯ ವಿಷಯದಲ್ಲಿ ಎಚ್ಚರ ಬೇಕು. ಕುರಿಮಂದೆಯ ನಡುವೆ ಬೆಳೆದ, ಕರುವಿನ ಗಾತ್ರದ ಬಿಳಿ ಪಾತು ನಾಯಿಗಳು ಅಪರಿಚಿತರು ಹತ್ತಿರ ಬಂದರೆ ಬೊಗಳುತ್ತ ಓಡಿಬರುತ್ತವೆ. ಓಡಬೇಡಿ, ಕೋಲೆತ್ತಬೇಡಿ, ಮಂದೆಯನ್ನು ದೂರದಿಂದ ಬಳಸಿಕೊಂಡು ಹೋಗಿ. ಕಾಣಸಿಗುವ ಕಾಡುಪ್ರಾಣಿಗಳೆಂದರೆ ಇಝಾರ್ ಎಂಬ ಬೆಟ್ಟದ ಮೇಕೆ, ಸಿಳ್ಳೆ ಹೊಡೆದು ಬಿಲ ಸೇರುವ ಮಾರ್ಮೋಟ್, ಅದೃಷ್ಟವಿದ್ದರೆ ಮೂಳೆ ತಿನ್ನುವ ಗಡ್ಡದ ರಣಹದ್ದು.

ಚಳಿಗಾಲದಲ್ಲಿ ಸ್ಕೀ ಮಾಡಬಹುದೇ?

ವರ್ನೆಯಲ್ಲಿ ಇಲ್ಲ. ಫೋಂ-ರೊಮ್ಯೂ, ಲೆಸಾಂಗ್ಲ್ ಕಡೆಗೆ ಹೋಗಬೇಕು. ಚಳಿಗಾಲದ ಶಿಖರ ಮಂಜುಕೊಡಲಿ ಹಿಡಿದು ಪಳಗಿದವರಿಗೆ ಮಾತ್ರ.

## ಇನ್ನಷ್ಟು ಆಳಕ್ಕೆ ಇಳಿದವರಿಗೆ

ಕುಶಾ ಮಠದ ಕಂಬಗಳನ್ನು ನ್ಯೂಯಾರ್ಕಿನಲ್ಲಿ ನೋಡಿದೆವು. ಇದು ಹೇಗೆ?

ಪ್ರಾದ್ ಪಕ್ಕದ ಸ್ಯಾಂ ಮಿಶೆಲ್ ದ ಕುಶಾ ಮಠವನ್ನು, 878ರಲ್ಲಿ ತೆತ್ ನದಿಯ ಪ್ರವಾಹಕ್ಕೆ ತಮ್ಮ ಹಳೆಯ ಮಠವನ್ನು ಕಳೆದುಕೊಂಡ ಸನ್ಯಾಸಿಗಳು ಬಂದು ನೆಲೆಗೊಳಿಸಿದರು. ವೆನಿಸ್ಸಿನ ದೊರೆ ಪಿಯೆತ್ರೊ ಓರ್ಸೆಯೊಲೊ 978ರಲ್ಲಿ ರಾಜ್ಯ ಬಿಟ್ಟು ಬಂದು ಸನ್ಯಾಸಿಯಾದದ್ದು ಇಲ್ಲೇ. ಹನ್ನೆರಡನೆಯ ಶತಮಾನದಲ್ಲಿ ಗುಲಾಬಿ ಬಣ್ಣದ ಸ್ಥಳೀಯ ಅಮೃತಶಿಲೆಯಲ್ಲಿ, ಸಿಂಹ, ಕೋತಿ, ಬಾಯಿ ತೆರೆದ ಭೂತಗಳನ್ನು ಕೆತ್ತಿದ ಕಂಬಗಳಿಂದ ಅಂಗಳ ಕಟ್ಟಿದರು. ಫ್ರೆಂಚ್ ಕ್ರಾಂತಿಯ ಬಳಿಕ ಮಠ ಮಾರಾಟವಾಗಿ ಕಂಬಗಳು ಸುತ್ತಲ ಮನೆ, ತೋಟ, ಸ್ನಾನಗೃಹಗಳಿಗೆ ಹಂಚಿಹೋದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಶಿಲ್ಪಿ ಜಾರ್ಜ್ ಗ್ರೇ ಬಾರ್ನಾರ್ಡ್ ಅವನ್ನು ಒಬ್ಬೊಬ್ಬರಿಂದ ಕೊಂಡು ಹಡಗಿಗೇರಿಸಿದ. 1925ರಲ್ಲಿ ಅವು ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಪಾಲಾದವು. 1938ರಿಂದ ಅದರ ಕ್ಲಾಯ್‌ಸ್ಟರ್ಸ್ ಶಾಖೆಯಲ್ಲಿವೆ. ಕುಶಾದಲ್ಲಿ ಉಳಿದವನ್ನು, ಹುಡುಕಿ ತಂದವನ್ನು ಸೇರಿಸಿ ಅಂಗಳದ ಒಂದು ಭಾಗವನ್ನು ಮತ್ತೆ ಎಬ್ಬಿಸಿದ್ದಾರೆ. ಕಳ್ಳತನವೆಂದು ಕರೆಯಲು ಬರುವುದಿಲ್ಲ, ದುಡ್ಡು ಕೊಟ್ಟೇ ಕೊಂಡದ್ದು. ಆದರೂ ಅರ್ಧ ಅಂಗಳದ ಮುಂದೆ ನಿಂತವರಿಗೆ ಅಸಮಾಧಾನ ಆಗದಿರದು.

ಕಂಬಗಳನ್ನಷ್ಟೇ ನೋಡಿ ಹೊರಡುವವರು ಹತ್ತನೆಯ ಶತಮಾನದ ಚರ್ಚಿನೊಳಗಿನ ಕುದುರೆಲಾಳದ ಆಕಾರದ ಕಮಾನುಗಳನ್ನೂ, ನಡುವೆ ಒಂದೇ ದಪ್ಪ ಕಂಬವಿರುವ ದುಂಡನೆಯ ನೆಲಮಾಳಿಗೆಯನ್ನೂ ಬಿಟ್ಟುಬಿಡುತ್ತಾರೆ. ಸ್ಪೇನಿನ ಅಂತರ್ಯುದ್ಧದ ಬಳಿಕ ಪ್ರಾದ್‌ನಲ್ಲಿ ಆಶ್ರಯ ಪಡೆದ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 1950ರಲ್ಲಿ ಆರಂಭಿಸಿದ ಸಂಗೀತೋತ್ಸವದ ಕಛೇರಿಗಳು ಬೇಸಿಗೆಯಲ್ಲಿ ಈ ಚರ್ಚಿನಲ್ಲಿ ನಡೆಯುತ್ತವೆ.

ಈ ಊರಿಗೂ ಭಾರತಕ್ಕೂ ಏನಾದರೂ ನಂಟಿದೆಯೇ?

ಇದೆ, ಬ್ರಿಟಿಷರ ಮೂಲಕ. ಮೊದಲ ಮಹಾಯುದ್ಧಕ್ಕೆ ಮುಂಚಿನ ದಶಕದಲ್ಲಿ ಸಿರಿವಂತ ಇಂಗ್ಲಿಷರು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದರು. ಮುಂಬಯಿಯಲ್ಲಿ ಹುಟ್ಟಿದ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಹೆಂಡತಿಯ ಸಂಧಿವಾತಕ್ಕೆ ಬಿಸಿನೀರಿನ ಚಿಕಿತ್ಸೆ ಕೊಡಿಸಲು 1910ರಿಂದ 1914ರ ನಡುವೆ ಇಲ್ಲಿಗೆ ಬಂದು ಹೋದ. ಕಾನ್ಪುರದಲ್ಲಿ ಹುಟ್ಟಿ, ಮದ್ರಾಸ್ ಸೇನೆಯ ಮುಖ್ಯಸ್ಥನಾಗಿ ಆಮೇಲೆ ಇಡೀ ಭಾರತದ ಸೇನಾಧಿಪತಿಯಾದ ಲಾರ್ಡ್ ರಾಬರ್ಟ್ಸ್ ಕೂಡ ಇಲ್ಲಿನ ಅತಿಥಿ. ಯುರೋಪಿನ ರಣರಂಗಕ್ಕೆ ಬಂದಿಳಿದ ಭಾರತೀಯ ಸೈನಿಕರನ್ನು ಕಾಣಲು ಹೋಗಿ ಆತ 1914ರ ನವೆಂಬರ್‌ನಲ್ಲಿ ಉತ್ತರ ಫ್ರಾನ್ಸಿನಲ್ಲಿ ತೀರಿಕೊಂಡ. ಇಂಗ್ಲಿಷರ ಪುಟ್ಟ ಚರ್ಚು ವರ್ನೆಯಲ್ಲಿ ಇಂದಿಗೂ ಇದೆ. ಅವರ ಕಾಲದ ಹೋಟೆಲುಗಳು ಹೆಚ್ಚು ಉಳಿಯಲಿಲ್ಲ. 1940ರ ಅಕ್ಟೋಬರ್ 17ರ ಮಳೆಗೆ ಕಾದಿ ಹೊಳೆ ಉಕ್ಕಿ ಸ್ನಾನಗೃಹಗಳ ಬೀದಿಯನ್ನೇ ಕೊಚ್ಚಿಕೊಂಡು ಹೋಯಿತು. ಬೆಟ್ಟದ ಆಚೆ ಮಗ್ಗುಲಲ್ಲಿ ಅಂದು ಒಂದೇ ದಿನ 840 ಮಿಲಿಮೀಟರ್ ಮಳೆ ಅಳೆದರು. ಆಗುಂಬೆಯವರೂ ಹುಬ್ಬೇರಿಸಬೇಕಾದ ಲೆಕ್ಕ.

ಬೆಟ್ಟದ ಕಬ್ಬಿಣ ವಿಮಾನಗಳನ್ನು ಸೆಳೆದು ಕೆಡವುತ್ತದಂತೆ, ನಿಜವೇ?

ಕಬ್ಬಿಣ ಇರುವುದು ನಿಜ, ಸೆಳೆಯುವುದು ಸುಳ್ಳು. ರೋಮನ್ನರ ಕಾಲದಿಂದ ಇಲ್ಲಿ ಅದಿರು ತೆಗೆಯುತ್ತಿದ್ದರು; ಬಾತೇರ್‌ನ ಗಣಿ ಮುಚ್ಚಿದ್ದು 1987ರಲ್ಲಿ. ಬೆಟ್ಟಕ್ಕೆ ವಿಮಾನಗಳು ಬಡಿದದ್ದೂ ನಿಜ. 1961ರ ಅಕ್ಟೋಬರ್‌ನಲ್ಲಿ 34 ಮಂದಿ, 1967ರ ಜೂನ್‌ನಲ್ಲಿ 88 ಮಂದಿ ಸತ್ತರು, ಎರಡೂ ಇಂಗ್ಲೆಂಡಿನಿಂದ ಪೆರ್ಪಿನ್ಯಾಂಗೆ ಬರುತ್ತಿದ್ದ ವಿಮಾನಗಳು. ಎರಡನೆಯದರ ತನಿಖೆಯಲ್ಲಿ, ಕೆಟ್ಟಿದ್ದ ಬಿಸಿಗಾಳಿ ಯಂತ್ರದಿಂದ ಸೋರಿದ ಕಾರ್ಬನ್ ಮೊನಾಕ್ಸೈಡ್ ಚಾಲಕರ ಬುದ್ಧಿಗೆ ಮಂಕು ಕವಿಸಿತ್ತೆಂದು ತಿಳಿಯಿತು. ಸಮುದ್ರದಿಂದ ಐವತ್ತು ಕಿಲೋಮೀಟರ್ ಒಳಗೇ ಹೀಗೆ ತಟ್ಟನೆ ಎದ್ದು ನಿಂತ ಬೆಟ್ಟ, ಮೋಡ ಮುಚ್ಚಿದ ರಾತ್ರಿ ದಾರಿ ತಪ್ಪಿದವರಿಗೆ ಅಡ್ಡ ಸಿಗಲು ಅಯಸ್ಕಾಂತ ಬೇಕಿಲ್ಲ.

ಜೂನ್‌ನಲ್ಲಿ ಶಿಖರದ ಮೇಲೆ ಬೆಂಕಿ ಹಚ್ಚುತ್ತಾರಂತೆ, ನಾವೂ ಹೋಗಬಹುದೇ?

ಹೋಗಬಹುದು. ಇದು ಸಂತ ಜಾನನ ಹಬ್ಬದ ಬೆಂಕಿ. ಗಡಿಯ ಎರಡೂ ಕಡೆಯ ಕತಲಾನ್ ಜನ ಹಬ್ಬಕ್ಕೆ ಮುಂಚಿನ ಭಾನುವಾರ ತಮ್ಮ ತಮ್ಮ ಊರಿನ ಸೌದೆ ಹೊರೆಗಳನ್ನು ಹೊತ್ತು ಶಿಖರದಲ್ಲಿ ಸೇರುತ್ತಾರೆ. ಪೆರ್ಪಿನ್ಯಾಂನ ಕಾಸ್ತಿಯೆ ಕೋಟೆಬಾಗಿಲಲ್ಲಿ ವರ್ಷವಿಡೀ ಕಾಯ್ದಿಟ್ಟ ಜ್ಯೋತಿಯನ್ನು ಜೂನ್ 22ರ ರಾತ್ರಿ ಮೇಲೆ ತಂದು ಹೊತ್ತಿಸುತ್ತಾರೆ, ಅಲ್ಲಿಂದ ಪಂಜುಗಳು ಇಳಿದು ಮರುದಿನ ಊರೂರಿನ ಬೆಂಕಿಗಳಿಗೆ ತಲುಪುತ್ತವೆ. ಈ ರೂಢಿ ಆರಂಭವಾದದ್ದು 1955ರಲ್ಲಿ. ರಾತ್ರಿ ಶಿಖರದಲ್ಲಿರಲು ಬೆಟ್ಟದ ಅನುಭವ ಬೇಕು; ಇಲ್ಲದವರು 23ರ ಸಂಜೆ ಕೆಳಗಿನ ಯಾವುದೇ ಊರಿನ ಚೌಕದಲ್ಲಿ ನಿಂತರೂ ನಾಟ್ಯ, ವಾದ್ಯ, ಬೆಂಕಿ ಎಲ್ಲ ಸಿಗುತ್ತದೆ.

ಒಂದು ಸಲ ಹೋಗಿ ಬಂದಾಯಿತು. ಮತ್ತೆ ಹೋದರೆ ಏನು ನೋಡಬೇಕು?

ಮೊದಲು ಸೆರ್ರಬೋನ್ ಮಠ. ಹೊರಗಿನಿಂದ ಕಪ್ಪು ಕಲ್ಲಿನ ಒರಟು ಕಟ್ಟಡ, ಒಳಗೆ ಹೆಜ್ಜೆಯಿಟ್ಟರೆ ಗುಲಾಬಿ ಅಮೃತಶಿಲೆಯ ಕೆತ್ತನೆಯ ಮಂಟಪ. ಆಮೇಲೆ ವಾಲ್ಮಾನ್ಯಾ. ಅದರ ಮೇಲಿನ ಪಿನೋಸಾ ಗಣಿಯಲ್ಲಿ ಎರಡನೆಯ ಮಹಾಯುದ್ಧದ ಪ್ರತಿರೋಧ ಹೋರಾಟಗಾರರು ನೆಲೆಸಿದ್ದರು. 1944ರ ಆಗಸ್ಟ್‌ನ ಮೊದಲ ದಿನಗಳಲ್ಲಿ ಜರ್ಮನ್ನರು ಬಂದು ಹಳ್ಳಿಯನ್ನು ಸುಟ್ಟರು, ಹೋರಾಟಗಾರರ ನಾಯಕ ಜೂಲಿಯಾಂ ಪಾಂಶೊನನ್ನು ಹಿಡಿದು ಕೊಂದರು. ಹಳ್ಳಿಯಿಂದ ಗಣಿಯ ಪಾಳುಮನೆಗಳವರೆಗೆ ನಡಿಗೆಯ ದಾರಿಯಿದೆ. ಫೆಬ್ರವರಿಯಲ್ಲಿ ಬರಲು ಸಾಧ್ಯವಾದರೆ ಬೆಟ್ಟದ ದಕ್ಷಿಣದ ಪ್ರಾ-ದ-ಮೊಯೋ ಪಟ್ಟಣದ ಕರಡಿ ಹಬ್ಬಕ್ಕೆ ಹೋಗಿ. ಯುನೆಸ್ಕೊ 2022ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಆಚರಣೆಯಲ್ಲಿ, ಕುರಿಯ ಚರ್ಮ ಹೊದ್ದು, ಎಣ್ಣೆಮಸಿ ಬಳಿದುಕೊಂಡ ಯುವಕರು ಬೀದಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ಮುಖಕ್ಕೆ ಮಸಿ ಮೆತ್ತುತ್ತಾರೆ. ಪ್ರವಾಸಿಗರೆಂದು ಬಿಡುವುದಿಲ್ಲ, ಹಳೆಯ ಬಟ್ಟೆ ಹಾಕಿಕೊಂಡು ಹೋಗಿ.